ದೊಡ್ಡಿಯ ದಾರಿಯ ಕೋಲುಗಳು

"ನೋಡಮ್ಮ, ಎಲ್ಲೂ ಒಂದು ಗೆರೆ ಇಲ್ಲ. ಹಾಲು ಚೆಲ್ಲಿದ ಹಾಗಿದೆ," ಎಂದು ವುಕಾಶಿನ್ ಕ್ಯಾಮೆರಾವನ್ನು ರುಕಿಯಾಳ ಮುಖದ ಹತ್ತಿರ ಹಿಡಿದ.

ರುಕಿಯಾ ಹಿಟ್ಟಿನ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಪುಟ್ಟ ಪರದೆಯಲ್ಲಿ ಅವಳದೇ ಬಾವಿ, ಅದರಾಚೆ ಅವಳದೇ ದಿನ್ನೆ, ದಿನ್ನೆಯ ಮೇಲೆ ಎದ್ದು ಬರುತ್ತಿದ್ದ ಹಿಮಗಾಳಿ. ಚೆನ್ನಾಗಿಯೇ ಇತ್ತು. ಇದೊಂದು ಚಿತ್ರಕ್ಕಾಗಿ ಅವನು ಬೆಲ್‌ಗ್ರೇಡಿನಿಂದ ಬಂದು ನಾಲ್ಕು ದಿನದಿಂದ ಅವರ ಮನೆಯಲ್ಲಿ ಕಾಯುತ್ತಿದ್ದ. ಉಂಡ ತಟ್ಟೆಯನ್ನು ತಾನೇ ತೊಳೆದು ಕವುಚಿಡುತ್ತಿದ್ದ. ಒಳ್ಳೆಯ ಹುಡುಗ ಎಂದುಕೊಂಡಿದ್ದಳು.

ಚಿತ್ರದಲ್ಲಿ ಏನೋ ಕಡಿಮೆಯಿದೆ ಅನ್ನಿಸಿತು.

"ಕೋಲುಗಳೆಲ್ಲಿ?"

"ಯಾವ ಕೋಲು?"

"ಕೆಂಪು ಚಿಂದಿ ಕಟ್ಟಿದ್ದು. ಬಾವಿಯಿಂದ ದೊಡ್ಡಿ ತನಕ. ಹನ್ನೊಂದಿದ್ವಲ್ಲ?"

"ಓ, ಅವಾ! ಚಿತ್ರಕ್ಕೆ ಅಡ್ಡ ಬರ್ತಿದ್ವು. ಕಿತ್ತು ಗೋಡೆ ಹಿಂದೆ ಇಟ್ಟೆ. ಮತ್ತೆ ನೆಡೋಣ ಅಂದ್ರೆ ಗಾಳಿ ಶುರುವಾಯ್ತು, ಬೆರಳೆಲ್ಲ ಮರಗಟ್ಟಿಹೋಯ್ತು. ಒಂದು ಕೈಗವಸು ಬೇರೆ ಎಲ್ಲೋ ಬಿತ್ತು."

ಕಿಟಕಿಯಾಚೆ ಬಾವಿಯೇ ಕಾಣುತ್ತಿರಲಿಲ್ಲ. ಕುರಿಗಳಿಗೆ ಹುಲ್ಲು ಹಾಕಲು ಗಂಡ ಹಾಜ್ರೋ ಮಧ್ಯಾಹ್ನದ ನಮಾಜು ಮುಗಿಸಿ ದೊಡ್ಡಿಗೆ ಹೋಗಿದ್ದ. ಮರವೇ ಇಲ್ಲದ ಪೆಶ್ತರ್ ಬಯಲಿಗೆ ಆ ಕೋಲುಗಳನ್ನು ಕೆಳಗಿನ ಕಾಡಿನಿಂದ ಹೊತ್ತು ತಂದವನು ಅವನೇ. ಇಂಥ ಗಾಳಿಯಲ್ಲಿ ಒಂದು ಕೋಲು ಹಿಡಿದು ಇನ್ನೊಂದನ್ನು ಹುಡುಕುತ್ತ ಮನೆ ಸೇರಬೇಕು. ಬೇರೆ ದಾರಿಯಿಲ್ಲ.

ರುಕಿಯಾ ತಾಮ್ರದ ಹಂಡೆ, ಸೌಟು ಎತ್ತಿಕೊಂಡು ಬಾಗಿಲು ತೆರೆದಳು. ಹೊಸ್ತಿಲಾಚೆ ನಿಂತು ಬಾರಿಸತೊಡಗಿದಳು. "ಹಾಜ್ರೋ!" ಎಂಬ ಕೂಗು ಬಾಯಿಂದ ಹೊರಬೀಳುತ್ತಲೇ ಗಾಳಿಗೆ ಹೋಯಿತು. ವುಕಾಶಿನ್ ಹೊರಬಂದ ಸದ್ದಾಯಿತು. ಹಂಡೆ ಇಸಿದುಕೊಳ್ಳಲು ಬಂದ ಎಂದುಕೊಂಡಳು.

"ಅಮ್ಮಾ, ಒಂಚೂರು ಎಡಕ್ಕೆ ತಿರುಗಿ. ಹಾಂ, ಹಾಗೇ ಬಾರಿಸ್ತಿರಿ."

ಕ್ಯಾಮೆರಾ ಕ್ಲಿಕ್ಕೆಂದಿತು. ಮತ್ತೆ ಕ್ಲಿಕ್ಕೆಂದಿತು. ರುಕಿಯಾಳ ಬಾಯಲ್ಲಿ ಹುಳಿನೀರು ತುಂಬಿತು. ಹಿಮದ ಮೇಲೆ ಉಗುಳಿ, ಬಾರಿಸುತ್ತಲೇ ಇದ್ದಳು.

ತೋಳು ಸೋತು ಸೌಟು ಜಾರುವ ಹೊತ್ತಿಗೆ ಬಿಳುಪಿನೊಳಗಿಂದ ಒಂದು ಬಿಳಿ ಮುದ್ದೆ ತೂರಾಡುತ್ತ ಬಂದು ಹೊಸ್ತಿಲ ಮೇಲೆ ಕುಸಿಯಿತು. ಹುಬ್ಬಿನ ತುಂಬ ಮಂಜುಗಡ್ಡೆ.

"ಯಾರ ಮದುವೆನೇ ಮುದುಕಿ? ವಾಲಗ ಜೋರಾಗಿದೆ!"

ಒಲೆಯ ಮುಂದೆ ಕೂತ ಮೇಲೆ ಹಾಜ್ರೋವಿನ ಹಲ್ಲು ಕಟಕಟನೆ ಬಡಿಯಿತು. "ಒಂದೇ ಬಂಡೆಗೆ ಎರಡು ಸಲ ಡಿಕ್ಕಿ ಹೊಡೆದೆ. ಈ ಸದ್ದು ಕೇಳದಿದ್ರೆ ಅಲ್ಲೇ ಸುತ್ತುತಿದ್ದೆ. ಕೋಲೆಲ್ಲ ಗಾಳಿಗೆ ಕಿತ್ಕೊಂಡು ಹೋಗಿವೆ. ನನ್ನದೇ ತಪ್ಪು, ಇನ್ನೂ ಆಳಕ್ಕೆ ನೆಡಬೇಕಿತ್ತು."

ರುಕಿಯಾ ವುಕಾಶಿನ್‌ನನ್ನು ನೋಡಿದಳು. ಕಾದಳು. ಅವನು ಕ್ಯಾಮೆರಾದ ಗಾಜನ್ನು ಮೆತ್ತಗಿನ ಬಟ್ಟೆಯಿಂದ ಒರೆಸುತ್ತಿದ್ದ.

"ಹೌದಪ್ಪ, ಭಾರಿ ಗಾಳಿ," ಎಂದ.

ಹಾಜ್ರೋ ಅಂಗಿಯೊಳಗೆ ಕೈ ಹಾಕಿ ಏನನ್ನೋ ಎಳೆದ. "ಇದು ನಿಂದೇ ಅಲ್ವಾ ಮಗಾ? ಬಂಡೆ ಹತ್ರ ಕಾಲಿಗೆ ಸಿಕ್ತು. ಒಂದೇ ಕೈಗವಸಲ್ಲಿ ಹುಡುಗ ಏನು ಮಾಡ್ತಾನೆ ಅಂತ ತಂದೆ." ಅದನ್ನು ಒಲೆಯ ಸರಳಿಗೆ ಹಾಕಿದ. "ಏನೇ, ಇವನಿಗೆ ಊಟ ಹಾಕಿದ್ಯಾ?"

ತೊಳೆದು ಕವುಚಿಟ್ಟ ತಟ್ಟೆ ಅಲಮಾರಿನ ಮೇಲಿತ್ತು. ರುಕಿಯಾ ಅದನ್ನೊಮ್ಮೆ ನೋಡಿದಳು. ಬಾಗಿಲು ತೆರೆದು ಹೊರಗೆ ಹೋದಳು. ಗೋಡೆ ತಡವುತ್ತ ಹಿಂದಕ್ಕೆ ಹೋಗಿ ತೋಳಿನ ತುಂಬ ಕೋಲು ತಂದಳು, ಮತ್ತೆ ಹೋಗಿ ಉಳಿದವನ್ನೂ ತಂದಳು. ಒಂದೊಂದನ್ನೇ ಅತಿಥಿಯ ಕುರ್ಚಿಯ ಪಕ್ಕದ ಗೋಡೆಗೆ ಒರಗಿಸಿದಳು.

ವುಕಾಶಿನ್ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡ. ಕೆಂಪು ಚಿಂದಿಗಳ ಹಿಮ ಕರಗಿ ಅವನ ಬೂಟಿನ ಹತ್ತಿರ ತೊಟ್ಟಿಕ್ಕತೊಡಗಿತು.

ಹಾಜ್ರೋ ಮೊದಲ ಕೋಲಿನಿಂದ ಕೊನೆಯದರ ತನಕ ನೋಡಿದ. ತುಟಿ ಅಲುಗುತ್ತಿತ್ತು, ಎಣಿಸುವವನಂತೆ. ಒಂದೂ ಮುರಿದಿರಲಿಲ್ಲ.

ಆಮೇಲೆ ಎದ್ದ. ಒಲೆಯ ಸರಳಿನ ಮೇಲಿದ್ದ ಕೈಗವಸನ್ನು ತೆಗೆದು, ಒದ್ದೆಯಿದ್ದ ಮಗ್ಗುಲು ಬೆಂಕಿಯ ಕಡೆ ಬರುವಂತೆ ತಿರುಗಿಸಿ ಹಾಕಿದ.