ಸುಳ್ಳು ನೀರು

ಫ್ರೀಜರ್ ಪೆಟ್ಟಿಗೆಯ ಗಾಜನ್ನು ಒರೆಸುತ್ತಿದ್ದ ಅಮೂಲ್ಯಾ ಅರ್ಧದಲ್ಲಿ ಕೈ ನಿಲ್ಲಿಸಿದಳು. ಉಂಟು ಅಂದುಬಿಟ್ಟೆನಲ್ಲ. ನೋಡದೆ ಉಂಟು ಅಂದುಬಿಟ್ಟೆ. ಬೆಳಗಿನಿಂದ ಈ ಒಂದೇ ಮಾತು ಅವಳೊಳಗೆ ಸುತ್ತುತ್ತಿತ್ತು. ಗಾಜಿನ ಕೆಳಗೆ ಅಜ್ಜ ಬಿಳಿ ಪಂಚೆ ಹೊದ್ದು ಮಲಗಿದ್ದರು. ಒರೆಸಿದಷ್ಟೂ ಮಂಜು ಮತ್ತೆ ಕೂರುತ್ತಿತ್ತು. ಮುಖ ಒಮ್ಮೆ ಕಾಣುವುದು, ಒಮ್ಮೆ ಮಾಯವಾಗುವುದು.

ಆದದ್ದು ಇಷ್ಟೇ. ಬೆಳಕು ಹರಿಯುವ ಹೊತ್ತಿಗೆ, ಅರೆನಿದ್ದೆಯಲ್ಲಿ, ಪಕ್ಕದ ಕೋಣೆಯಿಂದ ಅಜ್ಜನ ಸ್ವರ ಕೇಳಿತ್ತು. "ನೀರು ಉಂಟಾ?" ಅಭ್ಯಾಸದಿಂದ ಅವಳು ಹಾಸಿಗೆಯಲ್ಲಿದ್ದುಕೊಂಡೇ "ಉಂಟು" ಅಂದಿದ್ದಳು. ಅಮ್ಮ ಕಾಫಿ ತೆಗೆದುಕೊಂಡು ಹೋದಾಗ ಅಜ್ಜ ತಣ್ಣಗಾಗಿದ್ದರು. ಬಂದು ನೋಡಿದ ಡಾಕ್ಟರು, "ಮೈ ಆಗಲೇ ಗಟ್ಟಿಯಾಗಿದೆ. ಮಲಗಿ ಸ್ವಲ್ಪ ಹೊತ್ತಿಗೇ ಹೋಗಿರ್ಬೇಕು. ನಿದ್ದೆಯಲ್ಲೇ ಹೋದದ್ದು, ಪುಣ್ಯವಂತರು," ಅಂದರು.

ಹಾಗಾದರೆ ಬೆಳಿಗ್ಗೆ ಕೇಳಿದ್ದು ಯಾರು? ತಾನು ಉಂಟು ಅಂದದ್ದು ಯಾರಿಗೆ?

ಅವಳು ಕಿಟಕಿಯ ಕಡೆ ನೋಡದಿರಲು ಪ್ರಯತ್ನಿಸಿದಳು. ಕಿಟಕಿಯ ಕೆಳಗಿನ ಮೇಜಿನ ಮೇಲೆ ಬಾಯ್ಲರ್ ಇತ್ತು. ತೊಟ್ಟಿಲ ಮಗುವಿನಷ್ಟು ಉದ್ದದ ತಾಮ್ರದ ಹಂಡೆ, ಅಡ್ಡ ಮಲಗಿಸಿ ಮರದ ಹಲಗೆಗೆ ಬಿಗಿದದ್ದು. ನೆತ್ತಿಯಲ್ಲಿ ಸೇಫ್ಟಿ ವಾಲ್ವ್, ಪಕ್ಕದಲ್ಲಿ ಸೀಟಿ, ಹೊಟ್ಟೆಯಡಿ ಸ್ಪಿರಿಟ್ ದೀಪ. ಬದಿಯಲ್ಲಿ, ಒಳಗಿನ ನೀರು ಎಷ್ಟುಂಟೆಂದು ತೋರಿಸುವ ಬೆರಳುದ್ದದ ಗಾಜಿನ ಕೊಳವೆ. ಹೈಸ್ಕೂಲಿನ ಲ್ಯಾಬಿಗೆ ಸ್ಮಾರ್ಟ್ ಬೋರ್ಡ್ ಬಂದ ವರ್ಷ ಗುಜರಿಗೆ ಹೊರಟಿದ್ದ ಮಾದರಿ. ಆಗಲೇ ನಿವೃತ್ತರಾಗಿದ್ದ ಅಜ್ಜ, ಜನಾರ್ದನ ಮಾಷ್ಟ್ರು, ಅದನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಮನೆಗೆ ತಂದಿದ್ದರು. ಅಲ್ಲಿಂದ ಮೇಲೆ ಉಪ್ಪಳದವರಿಗೆ ಅವರು ಬಾಯ್ಲರ್ ಮಾಷ್ಟ್ರು. ಭಾನುವಾರ ಬೆಳಿಗ್ಗೆ ಉಗಿ ಎಬ್ಬಿಸಿ ಒಂದು ಸೀಟಿ. ಅಷ್ಟೇ ಅವರ ಶೋಕಿ.

"ಆ ಸೀಟಿ ಕೇಳಿಯೇ ನಮ್ಮ ಮನೆಯವಳು ಕುಂಞಾಮಿನ ಹಾಲು ಇಳಿಸುದು," ಎಂದರು ಮಮ್ಮುಂಞಿ ಕಾಕ. ಸ್ಟೇಷನ್ನಿನ ಬಳಿ ಸ್ಟವ್, ಕುಕ್ಕರ್ ರಿಪೇರಿಯ ಅಂಗಡಿ ಅವರದ್ದು. ಅಜ್ಜನ ಹಳೆಯ ಸ್ನೇಹಿತ. ಬೆಳಗಿನಿಂದ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಿದ್ದರು. "ಸೀಟಿ ತಡ ಆದ್ರೆ ಹಾಲು ಉಕ್ಕಿ ಹೋಗ್ತಿತ್ತು. ಬೈಗುಳ ಯಾರಿಗೆ? ಮಾಷ್ಟ್ರಿಗಲ್ಲ, ನನಗೆ!"

ಅಳುತ್ತಿದ್ದ ಅಮ್ಮನಿಗೆ ನಗು ಬಂತು. "ನಿಮ್ಮ ಅಂಗಡಿಯ ಕುಕ್ಕರನ್ನೂ ಅಪ್ಪ ಬಿಡ್ಲಿಲ್ಲ ಅಲ್ವಾ?"

"ಬಿಡ್ಲಿಕ್ಕುಂಟಾ! ರಿಪೇರಿ ಮಾಡಿ ಸ್ಟವ್ ಮೇಲೆ ಇಟ್ರೆ ಎದುರು ಬಂದು ಕೂರುದು. 'ನೀರು ಉಂಟಾ ಮಮ್ಮುಂಞಿ?' ನಾನು ಬಗ್ಗಿ ನೋಡಿ 'ಉಂಟು' ಹೇಳದೆ ಕಡ್ಡಿ ಗೀರ್ಲಿಕ್ಕೆ ಬಿಡ್ಲಿಕ್ಕಿಲ್ಲ. ಗಿರಾಕಿಗಳು ನಗುದು. ಇನ್ನು ಯಾರು ಕೇಳ್ತಾರೆ ಅಮ್ಮಾ, ಹಾಗೆ?"

ಅಮೂಲ್ಯಾ ಬಟ್ಟೆ ಮಡಚಿ ಗಾಜನ್ನು ಮತ್ತೆ ಒರೆಸತೊಡಗಿದಳು.

ಮನೆಯ ಹಿಂದೆ ರೈಲು ಹಾದುಹೋಯಿತು. ಮುಂದೆ ಹೊಸ ಹೆದ್ದಾರಿಯ ಎತ್ತರದ ಗೋಡೆ, ಹಿಂದೆ ರೈಲುಹಳಿ. ನಡುವೆ ಈ ಮನೆ ಹಗಲಲ್ಲೂ ಬಾವಿಯ ಒಳಗಿದ್ದ ಹಾಗೆ. ನೆಲ ಅದುರಿತು. ಮೇಜಿನ ಮೇಲೆ ಯಾರೋ ಇಟ್ಟ ಲೋಟದ ನೀರು ಸಣ್ಣ ಸಣ್ಣ ಬಳೆಗಳಾಗಿ ನಡುಗಿತು. ಬಾಯ್ಲರಿನ ಗಾಜಿನೊಳಗೆ, ಅರ್ಧಕ್ಕೆ, ನೀರಿನ ಗೆರೆ ಸ್ಪಷ್ಟವಾಗಿತ್ತು. ಅದು ನಡುಗಲಿಲ್ಲ.

ರೈಲು ದೂರವಾದ ಮೇಲೆ ತಾಮ್ರ 'ಟಿಕ್' ಎಂದಿತು. ಬಿಸಿಯಾದದ್ದು ಆರುವಾಗ ಆಗುವ ಸದ್ದು. ಅದನ್ನು ಯಾರೂ ಬಿಸಿ ಮಾಡಿರಲಿಲ್ಲ.

*

ಮಳೆ ಬಿಟ್ಟ ಮೇಲೆ ಅಜ್ಜ ವರ್ಷಕ್ಕೊಮ್ಮೆ ಬಾಯ್ಲರಿನ ತಪಾಸಣೆಗೆ ಕೂರುತ್ತಿದ್ದರು. ಈ ಸಲವೂ ಕೂತಿದ್ದರು. ಅಮೂಲ್ಯಾ ಎದುರು ಕೂತು ಬಿಚ್ಚಿದ ತಿರುಪುಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಅವಳಿಗೆ ಮನುಷ್ಯರ ಎದುರು ಬಾಯಿ ಬರುತ್ತಿರಲಿಲ್ಲ. ಅಜ್ಜನ ಕೆಲಸದಲ್ಲಿ ಹೆಚ್ಚು ಮಾತು ಬೇಕಿರಲಿಲ್ಲ. ಒಂದು 'ಉಂಟು' ಸಾಕಿತ್ತು.

"ನೋಡುವವರು ಒಬ್ಬರು, ಹೊತ್ತಿಸುವವರು ಇನ್ನೊಬ್ಬರು," ಎಂದು ಅಜ್ಜ ಹೇಳುತ್ತಿದ್ದರು. "ಹೊತ್ತಿಸುವವನಿಗೆ ಅವಸರ ಇರ್ತದೆ. ಅವನ ಕಣ್ಣಿಗೆ ಯಾವಾಗ್ಲೂ ನೀರು ಕಾಣ್ತದೆ."

ಒಳಗೆ ವಿನೆಗರ್ ಹಾಕಿ ಕುಲುಕಿ ಬಿಳಿ ಕಿಟ್ಟವನ್ನು ತೊಳೆದಾಯಿತು. ಸೋರಿದರೆ ಕಾಣಲೆಂದು ಬೆಸುಗೆಯ ಸಾಲುಗಳಿಗೆಲ್ಲ ಚಾಕ್‌ಪೀಸು ಬಳಿದಾಯಿತು. ಆಮೇಲೆ ಗಾಳಿ ಒಂದಿಷ್ಟೂ ಉಳಿಯದ ಹಾಗೆ ಕಂಠಮಟ್ಟ ತಣ್ಣೀರು ತುಂಬಿಸಿ, ಕೈಪಂಪಿನಿಂದ ನಿಧಾನ ಒತ್ತುವುದು.

"ತಣ್ಣೀರಲ್ಲೇ ಯಾಕೆ ಅಜ್ಜ?"

"ತಣ್ಣೀರು ಸಿಡಿಯುದಿಲ್ಲ ಮಗಾ, ಬರೀ ಅಳ್ತದೆ. ಉಗಿಗೆ ಅಳ್ಲಿಕ್ಕೆ ಬರುದಿಲ್ಲ."

ಒತ್ತಡದ ಮಾಪಕದ ಮುಳ್ಳು ಮೇಲೇರಿತು. ಅಜ್ಜ ಪಂಪಿನಿಂದ ಕೈ ತೆಗೆದು ಕಾದರು. ಮುಳ್ಳು ಒಂದು ಕೂದಲೆಳೆಯಷ್ಟು ಹಿಂದೆ ಬಂತು. ಕೆಳಗಿನ ಬೆಸುಗೆಯ ಮೇಲೆ ಚಾಕಿನ ಬಿಳಿ ಒದ್ದೆಯಾಗಿ ಮೆಲ್ಲಗೆ ಬೂದುಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಾಯಿತು. ಅಜ್ಜ ತುಂಬ ಹೊತ್ತು ಅದನ್ನೇ ನೋಡಿದರು. ಮತ್ತೆ ನೀರನ್ನೆಲ್ಲ ಬಸಿದು, ಬಟ್ಟೆಯಿಂದ ಒರೆಸಿದರು.

"ಇದಕ್ಕೆ ಇನ್ನು ಬೆಂಕಿ ಇಡ್ಬಾರ್ದು. ಯಾರಿಗೂ ಹೇಳ್ಬೇಡ ಈಗ. ಈ ಬೆಸುಗೆ ಮಮ್ಮುಂಞಿ ಹಾಕಿದ್ದು. ಗೊತ್ತಾದ್ರೆ ಪುನಃ ಹಾಕ್ತೇನೆ ಅಂತ ಓಡಿ ಬರ್ತಾನೆ. ಅವನ ಕೈ ಈಗ ನಡುಗ್ತದೆ. ಅದು ಅವನಿಗೆ ಗೊತ್ತಾಗುದು ಬೇಡ."

ಅವಳು ಗಾಜಿನ ಕೊಳವೆಯನ್ನು ತೋರಿಸಿದಳು. ಬಸಿದಾದ ಮೇಲೂ ಅರ್ಧಕ್ಕೆ ಗೆರೆ ಉಳಿದಿತ್ತು.

"ಅದು ಸುಳ್ಳು ನೀರು," ಅಜ್ಜ ನಕ್ಕರು. ಹೆದ್ದಾರಿಗೆ ಬಾವಿ ಹೋದ ಮೇಲೆ ಬೋರಿನ ಗಡಸು ನೀರು. ನಿಂತಲ್ಲಿ ಕಲೆ ಕಟ್ಟುತ್ತಿತ್ತು. "ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ತುಂಬಿದ ಗಾಜೂ ಖಾಲಿ ಗಾಜೂ ಒಂದೇ ತರ ಕಾಣುದು, ಅದರ ಮೇಲೆ ಇದೊಂದು. ಇದನ್ನು ನಂಬಿ ಹೊತ್ತಿಸಿದ್ರೆ ಖಾಲಿ ತಾಮ್ರ ಕೆಂಪಗೆ ಕಾಯ್ತದೆ. ಉಗಿ ಬರ್ಲಿಲ್ಲ ಅಂತ ಯಾರಾದ್ರೂ ಪಂಪಿಂದ ನೀರು ಒತ್ತಿದ್ರೋ, ಮುಗೀತು. ಹತ್ತಿರ ಇದ್ದವರ ಮುಖ ಉಳೀಲಿಕ್ಕಿಲ್ಲ."

ಆಮೇಲೆ ಭಾನುವಾರಗಳಲ್ಲಿ ಸೀಟಿ ಆಗಲಿಲ್ಲ. ಮಾಷ್ಟ್ರಿಗೆ ಕೆಮ್ಮು ಎಂದು ಎಲ್ಲರೂ ತಿಳಿದರು. ಅಜ್ಜ ಮಾತ್ರ ಆ ಹೊತ್ತಿಗೆ ಮೇಜಿನ ಬಳಿ ಹೋಗಿ ನಿಂತು, ದೀಪ ಮುಟ್ಟದೆ, ಕೇಳುತ್ತಿದ್ದರು: "ನೀರು ಉಂಟಾ?" ಅವಳೂ ಆಟಕ್ಕೆಂದು, "ಉಂಟು" ಎನ್ನುತ್ತಿದ್ದಳು.

ಇವತ್ತು ಭಾನುವಾರ.

*

ಎರ್ನಾಕುಲಂನಿಂದ ಕೃಷ್ಣಕುಮಾರ ಮಾವ ಬಂದಾಗ ಬಿಸಿಲು ಗೋಡೆಯ ಆಚೆಗೆ ಸರಿದಿತ್ತು. ಅಜ್ಜನ ಒಬ್ಬನೇ ಮಗ. ಪೆಟ್ಟಿಗೆಯ ಗಾಜಿಗೆ ಹಣೆ ಇಟ್ಟು ಅತ್ತರು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಪುರೋಹಿತರು ಕೊಡಗಳ ಪಕ್ಕ ದರ್ಭೆ ಹಿಡಿದು ಕೂತಿದ್ದರು.

ಮಾವ ಎದ್ದು ಕಣ್ಣೊರೆಸಿಕೊಂಡು ಸುತ್ತ ನೋಡಿದರು. ನೋಟ ಮೇಜಿನ ಮೇಲೆ ನಿಂತಿತು.

"ಅಪ್ಪ ಹೊರಡುವಾಗ ಸೀಟಿ ಆಗ್ಬೇಕು," ಎಂದರು.

ಮನೆ ತುಂಬ ಒಂದು ಮೆಚ್ಚುಗೆಯ ಗುಜುಗುಜು ಹರಿಯಿತು.

"ಸರಿಯಾದ ಮಾತು," ಎಂದರು ಮಮ್ಮುಂಞಿ ಕಾಕ. "ನಮ್ಮ ಮಾಷ್ಟ್ರಿಗೆ ಅದೇ ಬ್ಯಾಂಡು."

"ಮಾವ..." ಅಮೂಲ್ಯಾ ಅಂದಳು. ಅವಳಿಗೇ ಕೇಳಿಸಲಿಲ್ಲ.

"ಈಗ ನೀರು ತುಂಬಿಸ್ಲಿಕ್ಕೆಲ್ಲ ಪುರುಸೊತ್ತು ಉಂಟಾ ಮಾರಾಯ? ಕತ್ತಲಾಗುವ ಮೊದ್ಲು ಮುಗಿಸ್ಬೇಕಲ್ಲ," ಯಾರೋ ಕೇಳಿದರು.

"ತುಂಬಿಸಿಯೇ ಉಂಟು," ಎಂದಳು ಅಮ್ಮ. "ಬೆಳಿಗ್ಗೆ ಇವಳು ನೋಡಿದ್ದಾಳೆ. ಉಂಟು ಅಂತ ಹೇಳಿದ್ದು ನಾನೇ ಅಡಿಗೆಮನೆಯಿಂದ ಕೇಳಿದೆ."

ಎಲ್ಲರೂ ಅಮೂಲ್ಯಾಳ ಕಡೆ ತಿರುಗಿದರು. ಅಮ್ಮನಿಗೆ ಉತ್ತರ ಕೇಳಿಸಿತ್ತು. ಪ್ರಶ್ನೆ? ಅಮ್ಮ ಅದನ್ನು ಹೇಳುತ್ತಿಲ್ಲ. ಕೇಳಿಸಿಯೇ ಇರಲಿಲ್ಲವೋ, ಕೇಳಿಸಿತೆಂದು ಹೇಳಲು ಭಯವೋ. ನೋಡಲಿಲ್ಲ ಅಂತ ಹೇಳಿದರೆ, ಮತ್ತೆ ಯಾರಿಗೆ ಉಂಟು ಅಂದೆ ಅಂತ ಕೇಳುತ್ತಾರೆ. ಬೆಸುಗೆ ಬಿಟ್ಟಿದೆ ಅಂದರೆ, ಆ ಬಾಗಿಲ ಬಳಿ ನಡುಗುವ ಎರಡು ಕೈಗಳು.

ಕಾಕ ಆಗಲೇ ಎದ್ದು ಬಂದು ಕನ್ನಡಕ ಏರಿಸಿ ಬಗ್ಗಿದ್ದರು. "ಉಂಟು ಉಂಟು. ಗೆರೆ ಚೆಂದ ಕಾಣ್ತದೆ."

"ಕಡಿಮೆ ಬಿದ್ರೆ ಪಂಪ್ ಉಂಟಲ್ಲ, ಒತ್ತಿದ್ರಾಯ್ತು," ಎಂದು ಮಾವ ದೀಪಕ್ಕೆ ಸ್ಪಿರಿಟ್ ಸುರಿದರು. "ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಅಜ್ಜನ ಕೊನೆಯ ಸೀಟಿ. ಶಮೀನಾ, ನೀನೂ ಬಾ, ಗಿಡ್ಡ ಇದ್ದೀ, ಎದುರು ನಿಲ್ಲು."

ನೆರೆಯ ಮಕ್ಕಳು ನುಗ್ಗಿ ಬಂದು ಮೇಜಿಗೆ ಗಲ್ಲ ಊರಿ ನಿಂತರು. ಕಾಕನ ಮೊಮ್ಮಗಳು ಶಮೀನಾಳ ಉಸಿರು ತಾಮ್ರದ ಮೇಲೆ ಸಣ್ಣ ಮಂಜಾಗಿ ಕೂತಿತು.

ಆಗ ಕರೆಂಟು ಹೋಯಿತು.

ಬೆಳಗಿನಿಂದ ಗುಂಯ್‌ಗುಡುತ್ತಿದ್ದ ಫ್ರೀಜರ್ ನಿಂತಿತು. ಆ ಸದ್ದು ಅಷ್ಟು ದೊಡ್ಡದಿತ್ತೆಂದು ಎಲ್ಲರಿಗೂ ಗೊತ್ತಾದದ್ದು ಆಗಲೇ. ಮಾವ ಕಡ್ಡಿ ಗೀರಿದರು. ಆ ಬೆಳಕಿನಲ್ಲಿ ಗಾಜಿನ ಗೆರೆ ಹೊಳೆಯಿತು. ತಾಮ್ರ 'ಟಿಕ್' ಎಂದಿತು. ಕಡ್ಡಿ ದೀಪದ ಬತ್ತಿಯ ಕಡೆ ಬಾಗಿತು.

"ನೀರು ಉಂಟಾ?"

ಸ್ವರ ಅವಳ ಬೆನ್ನ ಹಿಂದಿನಿಂದ ಬಂತು. ಅಂಗಳವೂ ಆ ಕಡೆಯೇ. ಅಜ್ಜನ ಸ್ನಾನದ ಕೊಡಗಳ ಪಕ್ಕ ಪುರೋಹಿತರು ಕೂತದ್ದು ಅಲ್ಲೇ. ಪೆಟ್ಟಿಗೆ ಇದ್ದದ್ದೂ ಆ ಕಡೆಯೇ. ಅವಳು ತಿರುಗಿ ನೋಡಲಿಲ್ಲ. ಅಮ್ಮನ ಕೈಯಿಂದ ಹೂವಿನ ಬುಟ್ಟಿ ಜಾರಿತು.

"ಇಲ್ಲ," ಎಂದಳು ಅಮೂಲ್ಯಾ.

ಅಷ್ಟು ದೊಡ್ಡ ಸ್ವರ ಆ ಮನೆಯಲ್ಲಿ ಯಾರೂ ಅವಳಿಂದ ಕೇಳಿರಲಿಲ್ಲ. ಮಾವನ ಕೈ ನಿಂತಿತು.

"ಇಲ್ಲ ಅಜ್ಜ. ನಾನು ನೋಡಿರ್ಲಿಲ್ಲ. ನೀರಿಲ್ಲ."

ಅವಳು ಮಕ್ಕಳ ನಡುವೆ ಕೈ ಹಾಕಿ ಹಲಗೆಯ ಒಂದು ತುದಿಯನ್ನು ಮೇಲಕ್ಕೆತ್ತಿದಳು. ಬಾಯ್ಲರ್ ಓರೆಯಾಯಿತು. ಮಾವನ ಬೆರಳವರೆಗೆ ಉರಿದು ಬಂದ ಕಡ್ಡಿಯ ಬೆಳಕಿನಲ್ಲಿ, ಎಲ್ಲರ ಕಣ್ಣೆದುರು, ಗಾಜಿನೊಳಗಿನ ನೀರಿನ ಗೆರೆಯೂ, ನೀರಿನಂತೆ ಮಟ್ಟಕ್ಕೆ ಹರಿಯದೆ, ಗಾಜಿನ ಜೊತೆಗೇ ಓರೆಯಾಗಿ ನಿಂತಿತು.