ತೊಟ್ಟಿಲ ಸೀಸೆಗಳು

“ದೂರ ಹಿಡಿಯೇ ರಂಡೆ. ಮೀನಿನ ವಾಸನೆ ಸೂಜಿಗೆ ತಾಗ್ತದೆ.”

ಧರ್ಮದವಾಖಾನೆಯ ಕಿಟಕಿಯೊಳಗಿಂದ ಹೀಗೆಂದ ಕಂಪೌಂಡರ್ ತ್ರ್ಯಂಬಕ, ಆ ಪವಿತ್ರ ಸೂಜಿಯನ್ನು ತನ್ನ ಪಂಚೆಯ ಚುಂಗಿಗೆ ಒರೆಸಿಕೊಂಡ. ಬಾಣಂತಿ ಬೆಳ್ಳಿ ಒಂಬತ್ತು ದಿನದ ಮಗುವನ್ನು ಸರಳುಗಳ ನಡುವೆ ಒಡ್ಡಿ ನಿಂತಿದ್ದಳು. ಮಗು ಎರಡು ದಿನದಿಂದ ಮೊಲೆ ಹಿಡಿದಿರಲಿಲ್ಲ. ಈಗ ಅಳುವುದನ್ನೂ ಬಿಟ್ಟಿತ್ತು.

ಚೀನಾ ಯುದ್ಧದ ಮರುವರ್ಷ ಕೃಷ್ಣಾನಂದ ಒಡೆಯರು ಕಟ್ಟಿಸಿದ ದವಾಖಾನೆ ಅದು. ಬಾಗಿಲ ಮೇಲಿನ ಬಿಳಿಗಲ್ಲಿನಲ್ಲಿ ‘ಬಡವರ ಸೇವೆಗಾಗಿ’ ಎಂದು ಕೆತ್ತಿಸಿದ್ದರು. ಬಡವರು ಬಾಗಿಲಿಗೆ ಬರಬಾರದು ಎಂಬುದನ್ನು ಮಾತ್ರ ಕೆತ್ತಿಸಿರಲಿಲ್ಲ. ಅದು ಮೀನುಕೇರಿಗೆಲ್ಲ ಬಾಯಿಪಾಠವಾಗಿತ್ತು.

“ಒಡ್ಯಾ, ನಿನ್ನೆ ಅರ್ಧ ಹಾಕ್ದ್ರಿ. ಇವತ್ತೂ ಅರ್ಧವೇಯ?”

“ಅರ್ಧ ಸಿಕ್ಕದ್ದೇ ನಿನ್ನ ಪುಣ್ಯ. ಪೆನ್ಸಿಲಿನ್ ಅಂದ್ರೆ ಎಂತ ಬಂಗಡೆ ಸಾರು ಅಂದ್ಕಂಡ್ಯ, ಕೇಳ್ದಷ್ಟು ಬಡ್ಸೂಕೆ?”

ಮಾರನೆಯ ದಿನ ಅರ್ಧವೂ ಇರಲಿಲ್ಲ. ಒಡೆಯರ ಎಮ್ಮೆಗೆ ಕೆಚ್ಚಲು ಬಾತು, ಇದ್ದ ಔಷಧವೆಲ್ಲ ಕೊಟ್ಟಿಗೆಗೆ ಹೋಗಿತ್ತು. ಆ ಮನೆಗೆ ಪೆನ್ಸಿಲಿನ್ ಹೊಸತೇನಲ್ಲ. ಒಡೆಯರ ಮೂಗು ಸೋರಿದರೆ ಒಂದು ಸೀಸೆ, ಮೊಮ್ಮಗನ ಮೊಣಕಾಲು ತರಚಿದರೆ ಇನ್ನೊಂದು. ಮರುದಿನ ಹುಷಾರೆನಿಸಿದರೆ ಉಳಿದದ್ದು ತೆಂಗಿನ ಬುಡಕ್ಕೆ. ಆ ಹಿತ್ತಿಲು ಗುಡಿಸುವವಳು ಬೆಳ್ಳಿಯ ಅತ್ತೆ ತಿಮ್ಮಕ್ಕ. ರಬ್ಬರು ಮುಚ್ಚಳದ ಪುಟ್ಟ ಸೀಸೆಗಳನ್ನು ಹೆಕ್ಕಿ ತಂದು, ಬಲೆಯ ದಾರಕ್ಕೆ ಕಟ್ಟಿ, ತೊಟ್ಟಿಲ ಮೇಲೆ ತೂಗಿಬಿಡುವುದು ಕೇರಿಯ ಹೊಸ ರೂಢಿ. ಗಾಳಿ ಬೀಸಿದರೆ ಕಿಣಿಕಿಣಿ. ಕೇರಿಯ ಮಕ್ಕಳಿಗೆ ಔಷಧ ಮೈಗೆ ಸಿಗದಿದ್ದರೂ ಕಿವಿಗಾದರೂ ಸಿಗುತ್ತಿತ್ತು.

ಶುಕ್ರವಾರ ಹೊನ್ನಾವರದಿಂದ ತಾರಿ ದೋಣಿಯಲ್ಲಿ ಡಾಕ್ಟರು ಅನಂತಮೂರ್ತಿ ಬಂದರು. ಕಿಟಕಿಯಿಂದಲೇ ನೋಡಿದರು. ಮಗುವಿನ ಮೈ ತಣ್ಣಗಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು.

“ರಕ್ತಕ್ಕೆ ನಂಜೇರಿದೆ. ಹೊಕ್ಕುಳಬಳ್ಳಿ ಎಂತದ್ರಲ್ಲಿ ಕೊಯ್ದ್ರಿ? ಮೀನು ಕತ್ತಿಯಲ್ಲೊ?”

“ಹೊಸ ಬ್ಲೇಡು ಒಡ್ಯಾ. ಕುದ್ಸಿದ್ದು,” ಎಂದಳು ತಿಮ್ಮಕ್ಕ.

ಡಾಕ್ಟರಿಗೆ ಈ ಉತ್ತರ ರುಚಿಸಲಿಲ್ಲ. “ಇದು ಇನ್ನು ಪೆನ್ಸಿಲಿನ್‌ಗೆ ಬಗ್ಗೂದಿಲ್ಲ. ಅರ್ಧಂಬರ್ಧ ಔಷಧ ಕಂಡೂ ಕಂಡೂ ಇಲ್ಲಿಯ ರೋಗಕ್ಕೆ ಸೊಕ್ಕು ಬಂದದೆ. ನಿಮ್ಮ ಜನ ಯಾವ್ದನ್ನೂ ಪೂರಾ ಮಾಡೂದಿಲ್ಲ. ಬೇರೆ ಔಷಧ ಬೊಂಬಾಯಿಂದ ಬರಬೇಕು.”

“ನಾವ್ ಅರ್ಧಕ್ಕೆ ಬಿಡ್ಲಿಲ್ಲ. ನೀವ್ ಅರ್ಧ ಕೊಟ್ಟದ್ದು,” ಎಂದಳು ಬೆಳ್ಳಿ.

ಡಾಕ್ಟರಿಗೆ ದೋಣಿಯ ಹೊತ್ತಾಗಿತ್ತು.

ಬೊಂಬಾಯಿ ದೂರ; ಮಗು ಅಷ್ಟು ಕಾಯಲಿಲ್ಲ. ಮರುದಿನಕ್ಕೆ ಹುಟ್ಟಿ ಹನ್ನೆರಡು ದಿನ, ಹೆಸರಿಡಬೇಕಿತ್ತು. ಹೆಸರಿಲ್ಲದೆಯೇ ಗಾಳಿಮರದ ಬುಡದ ಮರಳಿನಡಿಗೆ ಹೋಯಿತು. ಬೆಳ್ಳಿಯ ಎದೆಹಾಲು ಮಾತ್ರ ಸುದ್ದಿ ತಿಳಿಯದೆ ಸೋರುತ್ತಲೇ ಇತ್ತು, ಸೀರೆಯ ಸೆರಗು ಎರಡು ದಿನ ಒಣಗಲಿಲ್ಲ.

ಸೋಮವಾರ ಬೆಳಿಗ್ಗೆ ಕೃಷ್ಣಾನಂದ ಒಡೆಯರು ಒಂದು ನೆಗಡಿ ಹೊತ್ತುಕೊಂಡು ದವಾಖಾನೆಗೆ ಬಂದರು. ಬಾಗಿಲಲ್ಲಿ ಹಣೆಗೆ ಏನೋ ಬಡಿದು ಕಿಣಿಕಿಣಿ ಎಂದಿತು. ಬಿಳಿಗಲ್ಲಿನ ಕೆಳಗೆ, ಬಾಗಿಲ ದಾರಂದಕ್ಕೆ ಅಡ್ಡಲಾಗಿ, ಬಲೆಗಂಟು ಹಾಕಿ ಬಿಗಿದ ತೊಟ್ಟಿಲ ಸೀಸೆಗಳ ಸರ. ಕೆಲವು ಸೀಸೆಗಳ ತಳದಲ್ಲಿ ಬಿಳಿ ಔಷಧ ಇನ್ನೂ ಗಟ್ಟಿಕಟ್ಟಿ ಕೂತಿತ್ತು. ಹೊಸ್ತಿಲ ಮೇಲೆ ಬೆಳ್ಳಿ ಕೂತಿದ್ದಳು. ತೊಡೆಯ ಮೇಲೆ ಮೀನು ಕತ್ತಿ.

“ಇದೆಂತದು?”

“ನಿಮ್ದೇ ಒಡ್ಯಾ. ಎಲ್ಲಾ ನಿಮ್ಮನೆ ತೆಂಗಿನ ಬುಡದ್ದು. ನಾವ್ ಪೂರಾ ಮಾಡೂದಿಲ್ಲ ಅಂದ್ರು ಡಾಕ್ಟ್ರು. ನೀವ್ ಎಷ್ಟ್ ಪೂರಾ ಮಾಡಿದ್ರಿ, ನೋಡ್ಕಣಿ.”

ಒಡೆಯರಿಗೆ ಸೀನು ಬಂತು. ಮೂಗು ಹಿಡಿದುಕೊಂಡೇ ಅವರು ಕಣ್ಸನ್ನೆ ಮಾಡಿದರು. ತ್ರ್ಯಂಬಕ ಒಳಗಿನಿಂದ ಓಡಿಬಂದು ಸರ ಕೀಳಲು ಕೈ ಎತ್ತಿದ. ಬೆಳ್ಳಿ ಕತ್ತಿ ಹಿಡಿದು ಎದ್ದು ನಿಂತಳು.

“ದೂರ ನಿಲ್ಲೋ ಬೋಳಿಮಗನೆ,” ಎಂದಳು. “ಮೀನಿನ ವಾಸನೆ ತಾಗ್ತದೆ.”