ಎಡಕ್ಕೆ ಬಿದ್ದ ಹೂವು

ಸಿನಿಮಾ ತೆಗೆಯುತ್ತೇನೆ ಎಂದು ಹುಣಸೂರಿನ ವೀರಭದ್ರಸ್ವಾಮಿ ಹೇಳಿದ ದಿನ ಅಂಗಡಿಬೀದಿಯೆಲ್ಲ ನಕ್ಕಿತ್ತು. ತಾತ ಮುತ್ತಾತನ ಕಾಲದಿಂದ ಹೊಗೆಸೊಪ್ಪು ಮೂಸಿ ಬೆಲೆ ಕಟ್ಟಿದ ಮನೆತನ ಅವನದು. ಅಂಥವನಿಗೆ ಈ ಹುಚ್ಚು ಹತ್ತಿಸಿದವರು ಬೇರೆ ಯಾರೂ ಅಲ್ಲ, ಹೆತ್ತ ತಾಯಿ ಗುರುಶಾಂತಮ್ಮ. ಟೆಂಟಿನಲ್ಲಿ ಯಾವುದೋ ಭಕ್ತಿಚಿತ್ರ ನೋಡುತ್ತ ಕೂತಿದ್ದಾಗ, ಶಿವನ ಬೆನ್ನ ಹಿಂದಿನ ಕೈಲಾಸ ಗಾಳಿಗೆ ಗಡಗಡ ಅಲ್ಲಾಡಿತು. "ಬಟ್ಟೆ ಮ್ಯಾಲ್ ಬರ್ದವ್ರೆ ಕಣೋ ವೀರಭದ್ರ. ನಮ್ ಸೀಮೇಲಿ ಬೆಟ್ಟಕ್ಕೇನು ಬರಗಾಲವಾ?" ಎಂದು ಆಕೆ ನೊಂದುಕೊಂಡಿದ್ದರು. ತನ್ನ ಚಿತ್ರದ ಕೈಲಾಸ ನಿಜವಾದ ಬೆಟ್ಟವೇ ಆಗಿರಬೇಕು, ಅಮ್ಮ ಅದನ್ನು ಕಣ್ತುಂಬ ನೋಡಬೇಕು ಎಂಬ ಹಟ ಅವನಿಗೆ ಅಂದೇ ಹಿಡಿದದ್ದು.

ಐವತ್ತೇಳನೇ ಇಸವಿಯ ಹೊತ್ತಿಗೆ ಮದರಾಸಿನಲ್ಲಿ ಚಿತ್ರ ಮುಕ್ಕಾಲು ಪಾಲು ಮುಗಿದಿತ್ತು. ಭಕ್ತೆಗೆ ಕೈಲಾಸ ಕಾಣಿಸುವ ದೃಶ್ಯವೊಂದು ಬಾಕಿ. ಕಾಡುಮೇಡು ಎಂದರೆ ನಿರ್ದೇಶಕರಿಗೆ ತಲೆನೋವು. "ಕಾರ್ತಿಕ ಮುಗಿಯುವುದರೊಳಗೆ ಬೆಟ್ಟ ತೋರಿಸಿ. ಇಲ್ಲವೋ, ಪರದೆ ಬರೆಸಿಬಿಡೋಣ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ವೀರಭದ್ರಸ್ವಾಮಿ ಜೀಪು ಹತ್ತಿದ. ಭೇರ್ಯದ ಕಡೆ ಕಂಡ ಬೆಟ್ಟ ಹತ್ತಿರ ಹೋದಂತೆ ಕುಗ್ಗಿ ದಿಣ್ಣೆಯಾಯಿತು. ಹಂಪಾಪುರದ ಆಚೆಯ ಬೆಟ್ಟದ ಸೊಂಟಕ್ಕೆ ಕಲ್ಲು ಒಡೆಯುವವರು ಬಿದ್ದಿದ್ದರು. ಕಾರ್ತಿಕವೂ ಕರಗುತ್ತ ಬಂತು. ಕೊನೆಗೆ ಅಂತರಸಂತೆ ದಾಟಿ, ಜೀಪು ಹೋಗದ ಕಡೆ ಕಾಲುನಡಿಗೆಯಲ್ಲಿ ಹೋದಾಗ ಬೆಟ್ಟದಯ್ಯನ ಬೆಟ್ಟ ಸಿಕ್ಕಿತು. ಕೆಳಗೆಲ್ಲ ಬಿದಿರು, ಮೇಲೆ ಬೋಳು ಬಂಡೆ, ಬಂಡೆಯ ಕತ್ತಿಗೆ ಬೆಳಗಿನ ಮಂಜು. ಅವನಿಗೆ ಸಂತೋಷಕ್ಕೆ ಅಳುವೇ ಬಂತು.

ಏದುಸಿರು ಬಿಡುತ್ತ ಮೇಲೆ ಹತ್ತಿದ. ಶಿವನನ್ನೇ ಬೆಟ್ಟದಯ್ಯನೆಂದು ಪೂಜಿಸುವ ನೆತ್ತಿಯ ಗುಡಿಯಲ್ಲಿ ಪೂಜಾರಿ ಮುದ್ದಯ್ಯ ಇದ್ದ. ಈ ಬಂಡೆಯ ಮೇಲೆ ಹುಲಿಚರ್ಮ ಹಾಸಿ, ಶಿವನ ಪಾತ್ರಧಾರಿಯನ್ನು ಕೂರಿಸಿ ಚಿತ್ರ ತೆಗೆಯುತ್ತೇವೆ ಎಂದು ವೀರಭದ್ರಸ್ವಾಮಿ ವಿವರಿಸಿದ.

"ನನ್ ಕೇಳುದ್ರೆ ಏನ್ ಬಂತು ಸ್ವಾಮಿ, ಅಯ್ಯನ್ನ ಕೇಳಿ. ಅವ್ನು ಹೂ ಕೊಟ್ರೆ ಆಯ್ತು" ಎಂದ ಮುದ್ದಯ್ಯ.

ಹೂ ಕೇಳುವುದು ವೀರಭದ್ರಸ್ವಾಮಿಗೆ ಹೊಸದಲ್ಲ. ಅವನ ಮನೆಗೆ ಸೊಸೆ ಬಂದದ್ದೂ ಹೂ ಕೇಳಿಯೇ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಮುದ್ದಯ್ಯ ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ಅಯ್ಯನ ಕಲ್ಲಿಗೆ ಎಡಬಲದಲ್ಲಿ ಅಂಟಿಸಿದ. ವೀರಭದ್ರಸ್ವಾಮಿ ಕೇಳಬೇಕಾದ್ದನ್ನು ಕೇಳಿ, ಕೈ ಮುಗಿದು ನಿಂತ. ಎಡಗಡೆಯದು ಉದುರಿತು.

ಮದರಾಸಿನವರಾಗಿದ್ದರೆ ಹೂ ತಾನೇ ಎಂದು ನಕ್ಕು ಕ್ಯಾಮೆರಾ ಹೊರಿಸುತ್ತಿದ್ದರು. ಇವನಿಗೆ ಅದಾಗದು. ಇನ್ನೊಂದು ಸಲ ಕೇಳೋಣ ಎನ್ನಲೂ ನಾಲಿಗೆ ಏಳಲಿಲ್ಲ. ಕೇಳದೆಯೇ ಇದ್ದಿದ್ದರೆ ಆಗುತ್ತಿತ್ತಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಬೆಟ್ಟ ಇಳಿದ.

ಎದುರು ತಿಟ್ಟಿನ ಹುರುಳಿ ಹೊಲದಲ್ಲಿ ದೊಡ್ಡತಾಯಮ್ಮ ಎಂಬ ಮುದುಕಿ ಕಾವಲು ಕೂತಿದ್ದಳು. ಇವನ ಸಪ್ಪೆ ಮೋರೆ ಕಂಡು ಕರೆದು ಮಜ್ಜಿಗೆ ಕೊಟ್ಟಳು. ಬೆಟ್ಟಕ್ಕೆ ಬೆನ್ನು ಹಾಕಿ ಕೂತು, ಕುಡಿಯುತ್ತ ಕುಡಿಯುತ್ತ ಅವನು ಎಲ್ಲ ಹೇಳಿಕೊಂಡ. ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಲ್ಲಾ ಸ್ವಾಮಿ, ಅಯ್ಯ ಅಲ್ಲೇ ಕುಂತವ್ನೆ. ಅವ್ನ್ ಮನೇಲೇ ಇನ್ನೊಬ್ಬಂಗೆ ಅವ್ನ್ ಯಾಸ ಹಾಕಿ ಕೂರುಸ್ತೀವಿ ಅಂದ್ರೆ ಊಂ ಅಂದಾನಾ? ಕೂರ್ಸ್‌ಬ್ಯಾಡಿ ಅಂದವ್ನೆ, ನೋಡ್‌ಬ್ಯಾಡಿ ಅಂದವ್ನಾ? ನಾನು ದಿನಾ ಇಲ್ಲಿಂದ್ಲೇ ಕೈ ಮುಗ್ಯೋದು. ನಿಮ್ ಸಿನಿಮಾದ್ ಹೆಣ್‌ಮಗ್ಳೂ ಇಲ್ಲಿಂದ್ಲೇ ಮುಗೀಲಿ ಬುಡಿ."

ವೀರಭದ್ರಸ್ವಾಮಿ ತಿರುಗಿ ನೋಡಿದ. ಬುಡದಿಂದ ನೆತ್ತಿಯವರೆಗೆ ಬೆಟ್ಟ ಇಡಿಯಾಗಿ ಎದುರಿಗೇ ಕೂತಿತ್ತು. ಮೇಲೆ ನಿಂತಾಗ ಅವನಿಗೆ ಬರೀ ಬಂಡೆ ಕಂಡಿತ್ತು.

"ಹುರುಳಿ ತುಳಿದು ಹಾಳಾಗುತ್ತಲ್ಲವ್ವ, ಕಾಯಿನ್ನೂ ಹಸಿ."

"ಎಲ್ಡು ಸಾಲು ಹೋದ್ರೆ ಹೋಯ್ತು. ಅಯ್ಯನ್ ನೋಡಾಕ್ ಬಂದೋರ್ನ ತಡ್ದು ನಾನ್ ಯಾವ್ ನರಕಕ್ಕೋಗ್ಲಿ?"

ಅವನು ಅಲ್ಲೇ ಬಗ್ಗಿ ಅವಳ ಕಾಲು ಮುಟ್ಟಿದ. "ಏ, ಏಳಿ ಸ್ವಾಮಿ, ನೀವ್ ನನ್ ಕಾಲ್ ಮುಟ್ಟಾದಾ!" ಎಂದು ಮುದುಕಿ ಹಾವು ಕಂಡವಳಂತೆ ಹಿಂದಕ್ಕೆ ಹಾರಿದಳು.

ಮದರಾಸಿನ ತಂಡ ಬಂದ ದಿನ ದೊಡ್ಡತಾಯಮ್ಮ ತಾನೇ ಬಳ್ಳಿ ಕಿತ್ತು ಕ್ಯಾಮೆರಾಕ್ಕೆ ಜಾಗ ಮಾಡಿಕೊಟ್ಟಳು. "ಶಿವನೇ ಇಲ್ಲದ ಕೈಲಾಸ ಎಲ್ಲಾದರೂ ಉಂಟೇನ್ರೀ?" ಎಂದು ನಿರ್ದೇಶಕರು ಕೊನೆಯವರೆಗೂ ಗೊಣಗಿದರು. ಶಿವನ ಪಾತ್ರಧಾರಿ ಮಾತ್ರ ಹುಲಿಚರ್ಮವನ್ನೇ ದಿಂಬು ಮಾಡಿಕೊಂಡು, ದಾರಿಯಲ್ಲೇ ನಿಂತ ಜೀಪಿನಲ್ಲಿ ಸೊಗಸಾಗಿ ನಿದ್ದೆ ಹೊಡೆದರು.

ಚಿತ್ರ ಅಂತರಸಂತೆಯ ಟೆಂಟಿಗೆ ಬಂದಾಗ ವೀರಭದ್ರಸ್ವಾಮಿ ತಾಯಿಯನ್ನು ಕರೆತಂದು ದೊಡ್ಡತಾಯಮ್ಮನ ಪಕ್ಕದಲ್ಲೇ ಕೂರಿಸಿದ. ಪರದೆಯ ಮೇಲೆ ಭಕ್ತೆ ಕೈ ಮುಗಿದಳು. ಮಂಜು ಸರಿದು ಬೆಟ್ಟ ಮೆಲ್ಲಗೆ ತಲೆ ಎತ್ತಿತು. ಕಡಲೆಕಾಯಿ ಬಿಡಿಸುತ್ತಿದ್ದ ಸದ್ದು ನಿಂತಿತು. ದೊಡ್ಡತಾಯಮ್ಮ ಎದ್ದು ನಿಂತು ಕೈ ಮುಗಿದಳು. ಅವಳ ಹಿಂದೆ ಮುದ್ದಯ್ಯ ಎದ್ದ. ಆಮೇಲೆ ಟೆಂಟಿಗೆ ಟೆಂಟೇ ಎದ್ದಿತು. ಕೂತ್ಕೊಳ್ರೋ ಎಂದು ಹಿಂದಿನಿಂದ ಒಬ್ಬನೂ ಕೂಗಲಿಲ್ಲ.

ಬಂಡೆಯ ಮೇಲೆ ಹುಲಿಚರ್ಮದವರನ್ನು ಕೂರಿಸಿದ್ದರೆ ಈ ಜನ ಯಾರಿಗೆಂದು ಏಳುತ್ತಿದ್ದರು? ಎಡಕ್ಕೇ ಕೊಟ್ಟೆಯಲ್ಲಪ್ಪ, ಬದುಕಿಸಿದೆ, ಎಂದುಕೊಳ್ಳುತ್ತ ವೀರಭದ್ರಸ್ವಾಮಿ ಕೈ ಮುಗಿದ. ಗುರುಶಾಂತಮ್ಮ ಅವನ ತೋಳು ಹಿಡಿದು ಎದ್ದು, ಪರದೆಯನ್ನೇ ನೋಡುತ್ತ ನಿಂತರು.

"ಅಲ್ಲಾಡ್ತಿಲ್ಲ ಕಣೋ" ಎಂದರು.